ಎರಡೂ ಕಣ್ಣು ಮುಚ್ಚಿದರೆ

ಸ್ಪಾರ್ಕ್ಸ್, ನೆವಾಡಾ
ಮಾರ್ಚ್ 6, 1984

ಮೈತೆ ಅವರಿಗೆ,

ನಾನು ಸ್ಕಿಪ್ ಅಲ್ಲ. ಫ್ರೆಸ್ನೊದವನೂ ಅಲ್ಲ. ನಮ್ಮಪ್ಪನಿಗೆ ದ್ರಾಕ್ಷಿ ತೋಟವಿಲ್ಲ. ಅವನು ಮೊಂಟಾನಾದ ಬ್ಯೂಟ್ ಊರಿನ ತಾಮ್ರದ ಗಣಿಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ಗಣಿ ಮುಚ್ಚಿದ ಮೇಲೆ ಏನನ್ನೂ ನೋಡಿಕೊಳ್ಳುತ್ತಿಲ್ಲ. ನನ್ನ ಹೆಸರು ಜೋರಿ ಟ್ರೆವೆನಾ, ವಯಸ್ಸು ಇಪ್ಪತ್ತೆರಡು. ಬ್ಲೂ ಪಿನ್ಯನ್ ಕ್ಯಾಸಿನೊದಲ್ಲಿ ನೀವು ಇಸ್ಪೀಟು ಹಂಚುವ ಮೇಜಿಗೆ ಐದು ತಿಂಗಳಿಂದ, ವಾರಕ್ಕೆರಡು ಬೆಳಗ್ಗೆ ಬಂದು, ಕೊನೆಯ ಕುರ್ಚಿಯಲ್ಲಿ ಕೂತು ಕುಡುಕನ ಹಾಗೆ ನಗುವವನು ನಾನೇ. ಗ್ಲಾಸಿನಲ್ಲಿರುವುದು ವಿಸ್ಕಿಯಲ್ಲ, ಶುಂಠಿ ಸೋಡಾ.

ನಾನು ಎಲೆ ಎಣಿಸುತ್ತೇನೆ. ಗುರುತು ಹಾಕುವುದಿಲ್ಲ, ತೋಳಿನಲ್ಲಿ ಅಡಗಿಸುವುದಿಲ್ಲ. ನೀವು ಎಲ್ಲರ ಎದುರು ತೆರೆದಿಡುವ ಎಲೆಗಳನ್ನೇ ನೋಡುತ್ತೇನೆ. ಸಣ್ಣ ಎಲೆ ಹೋದರೆ ಒಂದು ಕೂಡುತ್ತೇನೆ. ರಾಜ, ರಾಣಿ, ಎಕ್ಕ ಹೋದರೆ ಒಂದು ಕಳೆಯುತ್ತೇನೆ. ಲೆಕ್ಕ ಮೇಲೇರಿತೆಂದರೆ ಉಳಿದವುಗಳಲ್ಲಿ ದೊಡ್ಡ ಎಲೆ ಹೆಚ್ಚಿವೆ ಎಂದರ್ಥ, ಅದು ಆಡುವವನಿಗೆ ಲಾಭ, ಆಗ ಪಣ ಏರಿಸುತ್ತೇನೆ. ಇದು ಮೋಸವಲ್ಲ, ಕಾನೂನಿಗೂ ವಿರುದ್ಧವಲ್ಲ. ಆದರೆ ತಲೆ ಓಡಿಸುತ್ತಾನೆ ಎಂದು ಗೊತ್ತಾದ ದಿನ ಹೊರಗೆ ಕಳಿಸುತ್ತಾರೆ. ಹಾಗಾಗಿ ತಲೆಯಿಲ್ಲದವನಂತೆ ಇರಬೇಕು.

ಎಣಿಕೆ ಕಲಿಯಲು ನನಗೆ ಆರು ವಾರ ಸಾಕಾಯಿತು. ನಿಮ್ಮೆಲ್ಲರ ಜೊತೆ ಚೆನ್ನಾಗಿರುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು. ಹಂಚುವವರ ಹೆಸರು ನೆನಪಿಡಬೇಕು. ಮೇಲ್ವಿಚಾರಕನ ಮಗ ಯಾವ ತಂಡಕ್ಕೆ ಆಡುತ್ತಾನೆ ಎಂದು ಕೇಳಬೇಕು. ಸಣ್ಣ ಪಣ ಸೋತಾಗ ದೊಡ್ಡದಾಗಿ ನರಳಬೇಕು. ಹಂಚುವವರಿಗೆ ಇನಾಮು ಎಂದು ಗಂಟೆಗೆ ಎರಡು ಸಲ ಪಣದ ಬಿಲ್ಲೆ ಇಡಬೇಕು, ಮೂರು ಸಲ ಇಟ್ಟರೆ ನನಗೆ ಉಳಿಯುವುದಿಲ್ಲ. ನಿಮ್ಮ ಮಂಡಿನೋವು ಹೇಗಿದೆ ಎಂದು ಮೊದಲ ಸಲ ಕೇಳಿದ್ದು ಈ ಪಟ್ಟಿಯಲ್ಲಿತ್ತು. ಆಮೇಲೆ ಕೇಳಿದ್ದು ಇರಲಿಲ್ಲ.

ಹದಿನಾರಕ್ಕೆ ನಾನು ಶಾಲೆ ಬಿಟ್ಟೆ. ಗಣಿತದ ಪರೀಕ್ಷೆಯಲ್ಲಿ ಉತ್ತರ ಮಾತ್ರ ಬರೆದಿದ್ದೆ, ದಾರಿ ಬರೆದಿರಲಿಲ್ಲ. ನಕಲು ಅಂದರು. ಅಲ್ಲ ಎಂದು ಒಂದು ಸಲ ಹೇಳಿದೆ. ಎರಡನೇ ಸಲ ಕೇಳಿದಾಗ ಎದ್ದು ಬಂದೆ. ಅಂಥವನು ಈಗ ದಿನಕ್ಕೆ ನಲವತ್ತು ಸುಳ್ಳು ಹೇಳಿ ಊಟ ಮಾಡುತ್ತಿದ್ದೇನೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಿನ್ನೆ ನೀವು, "ಫ್ರೆಸ್ನೊ ಕಡೆ ಹಿಮ ಬಿತ್ತಂತಲ್ಲಪ್ಪಾ, ನಿಮ್ಮಪ್ಪನ ಬಳ್ಳಿಗೆ ಏನೂ ಆಗ್ದೇ ಇರ್ಲಿ ಅಂತ ಚರ್ಚ್‌ನಲ್ಲಿ ಒಂದು ಮೊಂಬತ್ತಿ ಹಚ್ಚಿ ಬಂದೆ" ಅಂದಿರಿ. ಇಲ್ಲದ ತೋಟಕ್ಕೆ ಹಚ್ಚಿದ ಮೊಂಬತ್ತಿ. ರೂಮಿಗೆ ಬಂದವನಿಗೆ ಕೂರಲಾಗಲಿಲ್ಲ.

ನೀವು ರೈಲು ನಿಲ್ದಾಣದ ಹತ್ತಿರದ, ನಿಮ್ಮ ಬಾಸ್ಕ್ ಜನರ ಊಟದ ಮನೆಯಲ್ಲಿ ಇರುತ್ತೀರಿ ಎಂದು ಒಮ್ಮೆ ಹೇಳಿದ್ದಿರಿ. ಅಲ್ಲಿಗೆ ಕಳಿಸುತ್ತಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ.

ಜೋರಿ ಟ್ರೆವೆನಾ


ರೀನೊ
ಮಾರ್ಚ್ 14

ಹುಡುಗಾ,

ಕಾಗದ ಎರಡು ಸಲ ಓದಿದೆ. ಮೂರನೇ ಸಲ ಬೈದುಕೊಂಡು ಓದಿದೆ. ಮೊಂಬತ್ತಿಗೆ ಐವತ್ತು ಸೆಂಟು, ನೀನು ಕೊಡಬೇಕು.

ಇಪ್ಪತ್ತಾರು ವರ್ಷ ಎಲೆ ಹಂಚಿದ್ದೇನೆ, ನೀನು ಎಣಿಸುವುದು ಗೊತ್ತಾಗಲಿಲ್ಲ. ಸಿಟ್ಟು ಬಂದದ್ದು ಅದಕ್ಕೆ. ನಮ್ಮ ಕ್ಯಾಸಿನೊದ ನಿಯಮ ಹೇಳುತ್ತೇನೆ, ಕೇಳು. ಎಣಿಸುವವನು ಯಾರೆಂದು ಹಂಚುವವಳಿಗೆ ತಿಳಿದರೆ ಅದೇ ದಿನ ಮೇಲ್ವಿಚಾರಕನಿಗೆ ಹೇಳಬೇಕು. ತಿಳಿದು ಒಂದು ವಾರವಾಯಿತು. ಮೇಲ್ವಿಚಾರಕ ಡೆಲ್ ಪಕ್ಕದಲ್ಲೇ ನಿಂತಿರುತ್ತಾನೆ. ಬಾಯಿ ತೆರೆಯುತ್ತೇನೆ, ಹವಾಮಾನದ ವಿಷಯ ಬರುತ್ತದೆ.

ನನ್ನ ಮೇಜಿಗೇ ಯಾಕೆ ಬರುತ್ತಿದ್ದೆ ಎಂದು ನೀನು ಬರೆದಿಲ್ಲ. ಮರೆತೆಯೋ, ನಾಚಿಕೆಯೋ. ಆರು ಕಟ್ಟು ಎಲೆ ಕಲಸಿ ಪೆಟ್ಟಿಗೆಗೆ ಹಾಕುವ ಮೊದಲು ನಾನು ಹಳದಿ ಪ್ಲಾಸ್ಟಿಕ್ ಎಲೆಯೊಂದನ್ನು ನಡುವೆ ಸಿಗಿಸುತ್ತೇನೆ. ಅದು ಬಂದರೆ ಆಟ ನಿಲ್ಲಿಸಿ ಮತ್ತೆ ಕಲಸಬೇಕು. ಹಿಂದೆ ಒಂದೂವರೆ ಕಟ್ಟು ಉಳಿಯುವ ಹಾಗೆ ಸಿಗಿಸು ಎನ್ನುವುದು ನಿಯಮ. ನಾನು ಅರ್ಧ ಕಟ್ಟು ಉಳಿಸುತ್ತೇನೆ. ಹೆಚ್ಚು ಎಲೆ ಕಾಣುವುದರಿಂದ ಎಣಿಸುವವನಿಗೆ ಅದು ಹಬ್ಬದೂಟ. ಮುದುಕಿ ಉದಾರಿ ಎಂದುಕೊಂಡೆಯೋ, ಪೆದ್ದಿ ಎಂದುಕೊಂಡೆಯೋ.

ಎರಡೂ ಅಲ್ಲ. ನನ್ನ ಬಲ ಹೆಬ್ಬೆರಳು ಸತ್ತು ಎರಡು ವರ್ಷವಾಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಸೂಜಿ ಚುಚ್ಚುತ್ತದೆ. ಹಳದಿ ಎಲೆಯನ್ನು ಆಳಕ್ಕೆ ಸಿಗಿಸಿದಷ್ಟೂ ಕಲಸುವ ಸಲ ಕಡಿಮೆ. ನಿನ್ನೊಬ್ಬನಿಗಲ್ಲ, ಎಲ್ಲರಿಗೂ ಹಾಗೇ ಹಾಕುತ್ತೇನೆ. ಕೈ ಹೋದ ಹಂಚುವವಳಿಗೆ ಬಂದವರ ಕೋಟು ಕಾಯುವ ಕೆಲಸ ಕೊಡುತ್ತಾರೆ, ಮೂರು ತಿಂಗಳಾದ ಮೇಲೆ ಅದನ್ನೂ ಕೊಡುವುದಿಲ್ಲ. ಈಗ ನಿನ್ನ ಗುಟ್ಟು ನನ್ನಲ್ಲಿ, ನನ್ನದು ನಿನ್ನಲ್ಲಿ.

ನನ್ನ ಮೇಜಿಗೆ ಇನ್ನು ಬರಬೇಡ. ಭಾನುವಾರ ಮಧ್ಯಾಹ್ನ ಇಲ್ಲಿಗೆ ಬಾ. ಕುರಿಮಾಂಸದ ಸಾರು ಇರುತ್ತದೆ. ಊಟವಾದ ಮೇಲೆ ನಮ್ಮವರು ಮುಸ್ ಎನ್ನುವ ಜೋಡಿ ಇಸ್ಪೀಟಾಟ ಆಡುತ್ತಾರೆ, ನನ್ನ ಜೋಡಿಯ ಕುರ್ಚಿ ಖಾಲಿ ಬಿದ್ದಿದೆ. ನಮ್ಮ ಆಟದಲ್ಲಿ ಜೋಡಿಗೆ ಮುಖದಲ್ಲೇ ಸನ್ನೆ ಮಾಡಬಹುದು. ಎದುರಾಳಿ ನೋಡಿದರೆ ಅದು ನಿನ್ನ ಹಣೆಬರಹ. ತುಟಿ ಕಚ್ಚಿದರೆ ಎರಡು ರಾಜ. ನಾಲಿಗೆಯ ತುದಿ ತೋರಿಸಿದರೆ ಎರಡು ಎಕ್ಕ. ಎರಡೂ ಕಣ್ಣು ಮುಚ್ಚಿದರೆ, ನನ್ನ ಕೈಯಲ್ಲಿ ಏನೂ ಇಲ್ಲ, ನೀನೇ ನೋಡಿಕೊ. ಸನ್ನೆ ಮಾಡುವುದು ತಪ್ಪಲ್ಲ, ಸುಳ್ಳು ಸನ್ನೆ ಮಾಡುವುದು ತಪ್ಪು. ಮಾಡಿದವನ ಜೋಡಿಯೂ ಸೋತ ಹಾಗೆ. ನಿನಗೆ ಈ ಆಟ ಒಗ್ಗುತ್ತದೆ ಅನ್ನಿಸುತ್ತದೆ.

ಇಲ್ಲಿ ಎಲ್ಲರೂ ನನ್ನನ್ನು ಇಸೆಬಾ ಅನ್ನುತ್ತಾರೆ, ಅತ್ತೆ ಎಂದರ್ಥ. ನೀನೂ ಹಾಗೇ ಕರೆ. ಕ್ಯಾಸಿನೊದಲ್ಲಿ ಬೇಡ.

ಮೈತೆ ಇರಿಗೋಯೆನ್


ವೆಲ್ಸ್, ನೆವಾಡಾ
ಏಪ್ರಿಲ್ 30

ಇಸೆಬಾ,

ಈ ಭಾನುವಾರ ಬರಲಾಗಲಿಲ್ಲ. ಒಂದೇ ಊರಿನಲ್ಲಿ ಹತ್ತು ದಿನ ಇದ್ದರೆ ನನಗೆ ಪಾದದಡಿ ಇರುವೆ ಹರಿದ ಹಾಗೆ ಆಗುತ್ತದೆ. ಬಸ್ಸು ಹತ್ತಿದೆ. ಇಲ್ಲಿ ಎರಡು ಮೇಜಿನ ಒಂದು ಜೂಜಿನ ಮನೆಯಲ್ಲಿ ಅರ್ಧ ಗಂಟೆ ಆಡಿದೆ. ಮಾಲೀಕನೇ ಬಂದು ಭುಜ ತಟ್ಟಿ, "ತಮ್ಮಾ, ಪಾನಕ ಬೇಕಾದ್ರೆ ಕುಡಿ, ಎಲೆ ಮುಟ್ಬೇಡ" ಅಂದ. ಗೌರವದಿಂದಲೇ ಹೇಳಿದ. ಹೀಗೆ ಗೌರವದಿಂದ ಹೇಳಿದ ಏಳನೇ ಮನೆ ಇದು. ನನ್ನನ್ನು ಇನ್ನೂ ನಗುತ್ತಾ ಒಳಗೆ ಬಿಡುವುದು ಬ್ಲೂ ಪಿನ್ಯನ್ ಒಂದೇ.

ಹೋದ ಸಲದ ಆಟ ನೆನಪಾಗಿ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ನಾನು ಯೋಚಿಸುವಾಗ ತುಟಿ ಕಚ್ಚುತ್ತೇನೆ, ಅದು ಹುಟ್ಟಿದಾಗಿನಿಂದ ಬಂದದ್ದು. ಕೈಯಲ್ಲಿ ರಾಜನೂ ಇಲ್ಲ, ಗುಲಾಮನೂ ಇಲ್ಲ. ಎದುರಾಳಿ ಪೆಲ್ಲೊ ತಾತ ಅಂಕ ಎಣಿಸುವ ಅವರೆಕಾಳಿನ ಬಟ್ಟಲನ್ನೇ ಮೇಜಿಗೆ ಕುಕ್ಕಿದ್ದು, "ಸುಳ್ಳು ಸನ್ನೆ, ಆಟ ನಮ್ದು" ಅಂದದ್ದು. ನೀವು, "ಸುಮ್ನಿರೋ ಕುರಿಕಾಯೋನೆ, ಹುಡುಗ ಬರೀ ತುಟಿ ಕಚ್ಚಿದಾನೆ" ಅಂದಿರಿ. ಅದಕ್ಕೆ ಅವರು, "ಮೇಜಿನ ಮುಂದೆ ಕೂತ ಮೇಲೆ ಬರೀ ತುಟಿ ಅನ್ನೋದು ಇಲ್ಲ ಕಣೇ ಮೈತೆ. ಮುಖ ಇಟ್ಟ ಮೇಲೆ ಎಲ್ಲಾ ಸನ್ನೆನೇ" ಅಂದರು. ಆಟ ಅವರಿಗೇ ಹೋಯಿತು. ನನ್ನ ತುಟಿಯಿಂದ ನೀವು ಸೋತಿರಿ.

ನಿಮ್ಮಲ್ಲಿಗೆ ಬಂದ ಐದು ಭಾನುವಾರಗಳಲ್ಲಿ ನಾನು ಒಂದು ಎಲೆಯನ್ನೂ ಎಣಿಸಿಲ್ಲ. ನಂಬಿ.

ಡೆಲ್ ನನ್ನ ಮೋಟೆಲಿಗೆ ಎರಡು ಬೆಳಗಿನ ತಿಂಡಿ ಚೀಟಿ ಕಳಿಸಿದ್ದಾನೆ. ಹಿಂದೆ ಬರೆದಿದ್ದ: ದ್ರಾಕ್ಷಿ, ನಿನ್ನ ಕುರ್ಚಿ ತಣ್ಣಗಾಗಿದೆ. ಅವನು ಒಳ್ಳೆಯವನು. ಅದೇ ಕಷ್ಟ.

ಜೋರಿ


ಸ್ಪಾರ್ಕ್ಸ್
ಮೇ 22

ಇಸೆಬಾ,

ಊಟದ ಮನೆಯ ಬಾಗಿಲಿಗೆ ಮೂರು ಸಲ ಬಂದು ಹಿಂದೆ ಹೋದೆ. ಯಾರಾದರೂ ನೋಡಿದರೆ ನಿಮಗೇ ಕೇಡು. ಅದಕ್ಕೆ ಬರೆಯುತ್ತಿದ್ದೇನೆ. ಶನಿವಾರ ನಡೆದದ್ದನ್ನು ನನ್ನ ಕಡೆಯಿಂದ ಹೇಳುತ್ತೇನೆ, ಒಂದನ್ನೂ ಬಿಡುವುದಿಲ್ಲ.

ನಾನು ನಿಮ್ಮ ಮೇಜಿಗೆಂದು ಬರಲಿಲ್ಲ. ಶನಿವಾರ ನಿಮಗೆ ರಜೆ ಎಂದುಕೊಂಡಿದ್ದೆ. ಬಾಗಿಲ ಹತ್ತಿರದ ಮೇಜಿನಲ್ಲಿ ಕೂರುವಷ್ಟರಲ್ಲಿ ಡೆಲ್ ಬಂದು ಹೆಗಲ ಮೇಲೆ ಕೈ ಹಾಕಿದ.

"ಏನಯ್ಯಾ ದ್ರಾಕ್ಷಿ, ಎರಡು ತಿಂಗಳು ಎಲ್ಲಿ ಸತ್ತಿದ್ದೆ?"

"ಅಪ್ಪನ ತೋಟದಲ್ಲಿ ಬಳ್ಳಿ ಕತ್ತರಿಸೋ ಕೆಲಸ."

"ಈ ಕೈಲಿ? ಗುಳ್ಳೆ ಒಂದೂ ಕಾಣ್ಸಲ್ವಲ್ಲೋ. ಬಾ ಬಾ, ನಿನ್ನ ಮುದುಕಿ ಒಬ್ಳೇ ನಿಂತಿದಾಳೆ. ಏನು, ಜಗಳ ಆಡ್ಕೊಂಡ್ರಾ ಇಬ್ರೂ?"

ಬೇಡ ಅಂದರೆ ಯಾಕೆ ಬೇಡ ಅನ್ನುತ್ತಾನೆ. ಒಂದು ವರ್ಷ ಬೆವರು ಸುರಿಸಿ ಕಲಿತ ವಿದ್ಯೆಯಿಂದ ಸಂಪಾದಿಸಿದ ಸ್ನೇಹ ನನ್ನನ್ನು ಕುತ್ತಿಗೆ ಹಿಡಿದು ನಿಮ್ಮ ಎದುರು ಕೂರಿಸಿತು. ನೀವು ನನ್ನನ್ನು ಗೋಡೆ ನೋಡಿದ ಹಾಗೆ ನೋಡಿ, "ಶುಭೋದಯ ಸಾರ್" ಅಂದಿರಿ.

ಕಡಿಮೆ ಪಣ ಇಟ್ಟು, ಇಪ್ಪತ್ತು ನಿಮಿಷ ಬೇಕೆಂದೇ ತಪ್ಪಾಡಿ, ಎದ್ದು ಹೋಗುವುದು ಎಂದುಕೊಂಡೆ. ಆದರೆ ಎಣಿಕೆಯನ್ನು ನಿಲ್ಲಿಸಲು ನನಗೆ ಬರುವುದಿಲ್ಲ ಇಸೆಬಾ. ಊಟದ ಮನೆಯಲ್ಲಿ ನಿಲ್ಲುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಸಣ್ಣ ಎಲೆಗಳು ಒಂದರ ಹಿಂದೊಂದು ಉದುರಿದವು. ಲೆಕ್ಕ ಒಂಬತ್ತಾಯಿತು, ಹನ್ನೊಂದಾಯಿತು, ಹದಿನಾಲ್ಕಾಯಿತು. ಹಳದಿ ಎಲೆ ಇನ್ನೂ ದೂರದಲ್ಲಿತ್ತು. ನನ್ನ ಕೈ ಹೋಗಿ ಹತ್ತರ ಜಾಗದಲ್ಲಿ ಐನೂರು ಇಟ್ಟಿತು. ಕೈ ಎಂದು ಬರೆದೆ. ಅದು ತಪ್ಪು. ನಾನು ಇಟ್ಟೆ.

ನಿಮ್ಮ ಕಣ್ಣು ಒಂದು ಸಲ ಅಲುಗಿತು. ಆದರೂ ನಿಯಮದಂತೆ, "ದೊಡ್ಡ ಪಣ" ಎಂದು ಗಟ್ಟಿಯಾಗಿ ಕೂಗಿದಿರಿ. ಡೆಲ್ ದೂರದಿಂದ ಕೈಯಾಡಿಸಿ, "ಆಡ್ಲಿ ಬಿಡು, ಅವರಪ್ಪನ ದುಡ್ಡು" ಅಂದ. ನಾಲ್ಕು ಸಲ ಗೆದ್ದೆ. ಐದನೆಯದಕ್ಕೆ ಮುಂಚೆ ಕೋಟು ತೊಟ್ಟ ಇಬ್ಬರು ಮೆಟ್ಟಿಲಿಳಿದು ಬಂದರು. ಒಬ್ಬ ನನ್ನ ಹಿಂದೆ ನಿಂತ, ಒಬ್ಬ ನಿಮ್ಮ ಹಿಂದೆ ನಿಂತ. ನನ್ನ ಹಿಂದೆ ನಿಂತವನು ಹೇಳಿದ ಮಾತು ನನಗೆ ಬಾಯಿಪಾಠ. ನಿಮಗೆ ಹೇಳಿದ್ದು ಕೇಳಿಸಲಿಲ್ಲ.

ಮೇಜು ಬಿಡುವಾಗ ನೀವು ಎಂದಿನ ಹಾಗೆ ಎರಡು ಕೈ ತಟ್ಟಿ, ಅಂಗೈ ತಿರುಗಿಸಿ ಮೇಲಿನ ಕ್ಯಾಮೆರಾದ ಕಪ್ಪು ಗಾಜಿಗೆ ತೋರಿಸಿದಿರಿ. ಏನೂ ಕದ್ದಿಲ್ಲ ಎಂದು. ತಟ್ಟುವಾಗ ನಿಮಗೆ ನೋವಾದದ್ದು ಕಾಣಿಸಿತು. ಡೆಲ್ ನನ್ನ ಕಡೆ ನೋಡಲಿಲ್ಲ.

ನಾನು ಏನು ಮಾಡಬೇಕು, ಹೇಳಿ. ಏನು ಹೇಳಿದರೂ ಮಾಡುತ್ತೇನೆ.

ಜೋರಿ


ರೀನೊ
ಮೇ 28

ಜೋರಿ,

ಏನು ಹೇಳಿದರೂ ಮಾಡುತ್ತೇನೆ ಎಂದು ಬರೆದಿದ್ದೀಯ. ಹಾಗಾದರೆ ಕೇಳು.

ನನ್ನ ಕೆಲಸದ ಕಾರ್ಡು ತಡೆಹಿಡಿದಿದ್ದಾರೆ. ಅದಿಲ್ಲದೆ ಈ ರಾಜ್ಯದಲ್ಲಿ ಯಾವ ಮನೆಯೂ ಎಲೆ ಮುಟ್ಟಲು ಬಿಡುವುದಿಲ್ಲ, ಲೋಟ ತೊಳೆಯಲೂ ಬಿಡುವುದಿಲ್ಲ. ಜೂನ್ 19ಕ್ಕೆ ಕೌಂಟಿಯ ಕಚೇರಿಯಲ್ಲಿ ವಿಚಾರಣೆ. ನಾನು ಹಳದಿ ಎಲೆಯನ್ನು ಆಳಕ್ಕೆ ಹಾಕಿದ್ದು ಕ್ಯಾಮೆರಾದ ಚಿತ್ರದಲ್ಲಿದೆ. ಭಾನುವಾರ ನಾವಿಬ್ಬರೂ ಒಂದೇ ಮೇಜಿನಲ್ಲಿ ಕೂತಿದ್ದನ್ನು ಯಾರೋ ನೋಡಿದ್ದಾರೆ. ನಾನು ನಿನಗೆ ಆಳ ಮಾಡಿಕೊಟ್ಟೆ, ನೀನು ನನಗೆ ಪಾಲು ಕೊಟ್ಟೆ ಎನ್ನುವುದು ಅವರ ಕಥೆ. ಕಾರ್ಡು ಹೋದರೆ ನನಗೆ ಐವತ್ತೇಳರಲ್ಲಿ ಕುರಿ ಕಾಯುವುದೊಂದೇ ಗೊತ್ತು, ಅದಕ್ಕೆ ಕಾಲು ಬೇಕು.

ನಿನ್ನನ್ನೂ ಕರೆಸುತ್ತಾರೆ. ಒಂದೇ ಪ್ರಶ್ನೆ ಮುಖ್ಯ: ಇವನು ಎಣಿಸುವವನು ಎಂದು ಇವಳಿಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ಹೇಳು. ನಾನೂ ಹಾಗೇ ಹೇಳುತ್ತೇನೆ. ಊಟಕ್ಕೆ ಬರುತ್ತಿದ್ದ ಹುಡುಗ, ಅಷ್ಟೇ. ಕೈ ವಿಷಯ ಎತ್ತಬೇಡ. ಕಾರ್ಡು ಉಳಿದು ಕೈ ಹೋಗಿದೆ ಎಂದು ಊರಿಗೆಲ್ಲ ತಿಳಿದರೆ, ಆ ಕಾರ್ಡನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಕು.

ನಿನ್ನ ಮಾರ್ಚ್ ಕಾಗದ ನನ್ನ ಪ್ರಾರ್ಥನೆಯ ಪುಸ್ತಕದಲ್ಲಿದೆ. ಒಲೆಯವರೆಗೆ ಒಯ್ದೆ. ಹಾಕಲಾಗಲಿಲ್ಲ. ನನಗೆ ಯಾರೂ ಅಷ್ಟು ಉದ್ದದ ಕಾಗದ ಬರೆದಿಲ್ಲ, ನನ್ನ ಗಂಡನೂ ಬರೆದಿಲ್ಲ.

ಮೈತೆ


ಸ್ಪಾರ್ಕ್ಸ್
ಜೂನ್ 8

ಇಸೆಬಾ,

ಹತ್ತು ದಿನದಿಂದ ಕನ್ನಡಿ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದೇನೆ. ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಸ್ಕಿಪ್ ಆಗಿ ಹೇಳಿದರೆ ಸಲೀಸಾಗಿ ಬರುತ್ತದೆ. ಜೋರಿಯಾಗಿ ಹೇಳಿದರೆ ಕಿವಿ ಕೆಂಪಾಗುತ್ತದೆ. ಅಲ್ಲಿ ಮೊದಲು ನನ್ನ ನಿಜವಾದ ಹೆಸರು ಹೇಳಿಸಿ, ಕೈ ಎತ್ತಿಸುತ್ತಾರಂತೆ.

ನಿಜವನ್ನೇ ಹೇಳೋಣ ಎಂದು ಬೇಡಿಕೊಳ್ಳುತ್ತೇನೆ. ನಿಮ್ಮನ್ನು ಉಳಿಸುವ ನಿಜ ಇದೆಯಲ್ಲ. ಕೈ ನೋವಿಗೆ ಆಳ ಹಾಕಿದಿರಿ, ಎಲ್ಲರಿಗೂ ಹಾಕಿದಿರಿ, ಒಂದು ವರ್ಷದ ಚಿತ್ರ ತೆಗೆದು ನೋಡಿದರೂ ಅದೇ ಕಾಣಿಸುತ್ತದೆ. ನಾನು ಮಾರ್ಚ್‌ನಲ್ಲಿ ಹೇಳಿದೆ, ನೀವು ನನ್ನನ್ನು ಮೇಜಿಗೆ ಬರಬೇಡ ಅಂದಿರಿ, ನಾನು ಬಂದದ್ದು ಡೆಲ್ ಎಳೆದದ್ದಕ್ಕೆ. ಇದರಲ್ಲಿ ಕಳ್ಳತನ ಎಲ್ಲಿದೆ?

ಗೊತ್ತು, ನಿಮ್ಮ ತಪ್ಪು ಒಂದಿದೆ: ನನ್ನ ಬಗ್ಗೆ ಹೇಳದೆ ಇದ್ದದ್ದು. ಆ ತಪ್ಪನ್ನು ನಾನೇ ಕಾಗದದಲ್ಲಿ ಸುತ್ತಿ ನಿಮ್ಮ ಮನೆಗೆ ಕಳಿಸಿದೆ. ಪ್ರಾಮಾಣಿಕನಾಗಿ ನಿದ್ದೆ ಮಾಡಿದವನು ನಾನು. ಅದರ ಭಾರ ಹೊತ್ತವರು ನೀವು. ಬಾಯಿ ಮುಚ್ಚಿಕೊಂಡು ಶುಂಠಿ ಸೋಡಾ ಕುಡಿದುಕೊಂಡಿದ್ದಿದ್ದರೆ ನಿಮಗೆ ಈವತ್ತು ಕೆಲಸ ಇರುತ್ತಿತ್ತು.

ಊಟ ಸೇರುತ್ತಿಲ್ಲ. ಬರೆಯಿರಿ.

ಜೋರಿ


ರೀನೊ
ಜೂನ್ 14

ಜೋರಿ,

ನಿನ್ನ ನಿಜ ನಿನಗೆ ಚಂದ. ನನ್ನ ಕೈ ನನ್ನದು. ಅದರ ಮಾತು ಎತ್ತುವುದಾದರೆ ನಾನು ಎತ್ತುತ್ತೇನೆ, ನೀನಲ್ಲ.

ಹಿಂದೆ ಹೇಳಿದ್ದೇ ಹೇಳು. ಇನ್ನು ಕಾಗದ ಬೇಡ.

ಮೈತೆ


ಸ್ಪಾರ್ಕ್ಸ್
ಜೂನ್ 20

ಇಸೆಬಾ,

ಬೇಡ ಅಂದರೂ ಬರೆಯುತ್ತಿದ್ದೇನೆ. ಒಳಗೆ ನಾನು ಏನು ಹೇಳಿದೆ ಎಂದು ನಿಮಗೆ ತಿಳಿಯಬೇಕು.

ನಿನ್ನೆ ಹತ್ತು ಗಂಟೆಗೆ ನಿಮ್ಮನ್ನು ಕರೆದರು. ನಾನು ಹೊರಗಿನ ಓಣಿಯಲ್ಲಿ, ನೀರಿನ ಕೊಳಾಯಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಮುಕ್ಕಾಲು ಗಂಟೆಯಾದರೂ ನೀವು ಹೊರಗೆ ಬರಲಿಲ್ಲ. ಅಲ್ಲಿಯವರೆಗೂ ನಾನು ನಿರ್ಧಾರ ಮಾಡಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಬಾಗಿಲು ದಾಟುವಾಗ ಯಾವ ಮಾತು ಬಾಯಿಗೆ ಬರುತ್ತದೋ ಅದನ್ನೇ ಆಡುವುದು ಎಂದುಕೊಂಡಿದ್ದೆ.

ಬಾಗಿಲು ತೆರೆಯಿತು. ನೀಲಿ ಕೋಟು ತೊಟ್ಟ ಗುಮಾಸ್ತೆ ನಿಮ್ಮ ತೋಳು ಹಿಡಿದಿದ್ದಳು. ನನ್ನ ಹೆಸರು ಕರೆದರು. ನಾವು ಹಾದು ಹೋಗುವಾಗ ನೀವು ತಲೆಯೆತ್ತಿ ನನ್ನನ್ನೇ ನೋಡಿದಿರಿ. ಎರಡೂ ಕಣ್ಣು ಮುಚ್ಚಿದಿರಿ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಮತ್ತೆ ತೆರೆದಿರಿ.

ನನ್ನ ಕೈಯಲ್ಲಿ ಏನೂ ಇಲ್ಲ, ನೀನೇ ನೋಡಿಕೊ.

ಒಳಗೆ ಅಧಿಕಾರಿ ಕೇಳಿದರು, "ಈ ಹೆಂಗಸಿಗೆ ನೀನು ಎಣಿಸೋನು ಅಂತ ಗೊತ್ತಿತ್ತಾ?"

"ಇಲ್ಲ ಸಾರ್."

"ಯಾವತ್ತಾದ್ರೂ ಹೇಳಿದ್ಯಾ? ಬಾಯಲ್ಲಿ, ಬರಹದಲ್ಲಿ?"

"ಯಾವತ್ತೂ ಇಲ್ಲ ಸಾರ್."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನನ್ನ ಕಿವಿ ಕೆಂಪಾಗಲಿಲ್ಲ ಇಸೆಬಾ. ತಣ್ಣಗಿತ್ತು. ಹೊರಗೆ ಬಂದಾಗ ನೀವು ಹೋಗಿಬಿಟ್ಟಿದ್ದಿರಿ.

ಹೇಳಿದ ಹಾಗೆ ಮಾಡಿದ್ದೇನೆ. ಒಂದು ಸಾಲು ಬರೆಯಿರಿ.

ಜೋರಿ


ಎಲ್ಕೊ, ನೆವಾಡಾ
ಆಗಸ್ಟ್ 11

ಜೋರಿ,

ನಿನ್ನ ಜೂನ್ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಕೈ ಒಂದು ಕಾರಣ, ಅದೊಂದೇ ಅಲ್ಲ. ಈಗ ತಂಗಿಯ ಊಟದ ಮನೆಯಲ್ಲಿದ್ದೇನೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಮೂರನೇ ದಿನ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಆ ದಿನ ನಾನೂ ಸುಳ್ಳು ಹೇಳಬೇಕೆಂದೇ ಒಳಗೆ ಹೋದೆ. ಅವರು ಮೇಜಿನ ಮೇಲೆ ಆರು ಕಟ್ಟು ಎಲೆ ತಂದಿಟ್ಟರು. "ಎಂದಿನ ಹಾಗೆ ಕಲಸಿ ತೋರ್ಸಿ ಅಮ್ಮಾ, ಹಳದಿ ಎಲೆ ಎಲ್ಲಿ ಹಾಕ್ತೀರ ನೋಡೋಣ" ಅಂದರು. ಬೈಯಲಿಲ್ಲ, ಮರ್ಯಾದೆಯಿಂದಲೇ ಕೇಳಿದರು. ಒಂದು ತಿಂಗಳು ಎಲೆ ಮುಟ್ಟದ ಕೈ. ಎರಡನೇ ಕಟ್ಟಿಗೆ ಹೆಬ್ಬೆರಳು ಕೈಕೊಟ್ಟಿತು. ಎಲೆಗಳೆಲ್ಲ ನೆಲಕ್ಕೆ ಬಿದ್ದವು. ಬಗ್ಗಿ ಆರಿಸಲು ಹೋದೆ, ಹಿಡಿಯಲಾಗಲಿಲ್ಲ. ಅಧಿಕಾರಿಯೇ ಕುರ್ಚಿಯಿಂದ ಇಳಿದು ಮಂಡಿಯೂರಿ ನನ್ನ ಜೊತೆ ಎಲೆ ಆರಿಸಿದರು.

ಆಮೇಲೆ ಯಾವ ಬಾಯಲ್ಲಿ ಸುಳ್ಳು ಹೇಳಲಿ. ಎಲ್ಲ ಹೇಳಿದೆ. ಕೈ, ಊಟ, ಮುಸ್, ಮೊಂಬತ್ತಿ. ನೀನು ಮಾರ್ಚ್‌ನಲ್ಲಿ ಕಾಗದ ಬರೆದದ್ದು, ನಾನು ಮುಚ್ಚಿಟ್ಟದ್ದು. ಅವರು ಕೇಳಿಸಿಕೊಂಡು, "ಹುಡುಗನೂ ಇದನ್ನೇ ಹೇಳಿದ್ರೆ ಎಚ್ಚರಿಕೆ ಕೊಟ್ಟು ಬಿಡಬಹುದು, ಕಾರ್ಡು ನಿಮ್ದೇ" ಅಂದರು. ಹುಡುಗ ಸುಳ್ಳು ಹೇಳುವವನಲ್ಲ ಸಾರ್ ಎಂದು ನಾನೇ ಅಂದೆ.

ಹೊರಗೆ ಬಂದೆ. ನಿನ್ನನ್ನು ನೋಡಿದೆ. ಕಣ್ಣು ಮುಚ್ಚಿದೆ.

ಅದು ಸನ್ನೆ ಅಲ್ಲ, ಹುಡುಗಾ. ಅಳು ಬರುತ್ತಿತ್ತು. ನಿನ್ನೆದುರು ಅಳಬಾರದು ಎಂದು ಮುಚ್ಚಿದೆ. ಅಷ್ಟೇ.

ನೀನು ಇಲ್ಲ ಅಂದದ್ದರಿಂದ ನಾವಿಬ್ಬರೂ ಸೇರಿ ಕಥೆ ಕಟ್ಟಿದ್ದೇವೆ, ಇಬ್ಬರ ಮಾತೂ ಒಂದೇ ಆಗುವ ಹಾಗೆ ನಿನಗೆ ಹೇಳಿಕೊಡುವಾಗ ನಾನು ಎಡವಿದ್ದೇನೆ ಎಂದಾಯಿತು. ಆಮೇಲೆ ಮತ್ತೆ ಕರೆಸಿದಾಗ ನಿನ್ನ ಕಾಗದ ತೋರಿಸಿದೆ. ಅವನೇ ಇಲ್ಲ ಅಂದ ಮೇಲೆ ಇದನ್ನು ನಿನ್ನೆ ಬರೆಸಿದ್ದಲ್ಲ ಎಂದು ಹೇಗೆ ನಂಬುವುದು ಅಂದರು. ಲಕೋಟೆಯ ಮೇಲೆ ಅಂಚೆಯ ಮುದ್ರೆ ಇರುತ್ತಿತ್ತು, ಲಕೋಟೆಯನ್ನು ನಾನು ಆಗಲೇ ಒಲೆಗೆ ಹಾಕಿದ್ದೆ. ಕಾರ್ಡು ಹೋಯಿತು. ಮೇಲ್ಮನವಿಗೆ ಈ ತಿಂಗಳ 24ರವರೆಗೆ ಸಮಯ ಇದೆಯಂತೆ. ನಾನು ಹಾಕುವುದಿಲ್ಲ. ನೀನೂ ಏನೂ ಬರೆಯಬೇಡ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಜೈಲಿಗೆ ಹಾಕುತ್ತಾರೆ. ನೀನು ಒಂದು ಊರಲ್ಲಿ ಹತ್ತು ದಿನ ಇರಲಾರೆ, ಒಂದು ಕೋಣೆಯಲ್ಲಿ ಹೇಗೆ ಇರುತ್ತೀಯ.

ನಿನ್ನ ಮೇಲೆ ಕೋಪ ಇತ್ತು. ಈಗ ಇಲ್ಲ. ಕೂತು ಆಟವನ್ನು ಹಿಂದಕ್ಕೆ ಎಣಿಸಿದೆ. ಮೊದಲ ಸುಳ್ಳು ಸನ್ನೆ ನನ್ನದು, ಮೇ 28ರ ಕಾಗದ. ಜೋಡಿಯೂ ಸೋಲುತ್ತಾನೆ ಎಂದು ನಿನಗೆ ಕಲಿಸಿದವಳೇ ನಾನು.

ಇಲ್ಲಿಯೂ ಭಾನುವಾರ ಆಡುತ್ತಾರೆ. ಪೆಲ್ಲೊ ಬಸ್ಸು ಹತ್ತಿ ಬರುತ್ತಾನೆ. ನನಗೆ ಎಲೆ ಹಿಡಿಯಲಾಗುವುದಿಲ್ಲ, ತಂಗಿ ಒಂದು ಮರದ ಪಟ್ಟಿಯಲ್ಲಿ ಸೀಳು ಮಾಡಿ ಕೊಟ್ಟಿದ್ದಾಳೆ, ಅದರಲ್ಲಿ ಸಿಗಿಸಿಕೊಳ್ಳುತ್ತೇನೆ. ಎದುರಿನ ಕುರ್ಚಿಯಲ್ಲಿ ಯಾರೂ ಇಲ್ಲ.

ಇಸೆಬಾ


ಎಲ್ಕೊ, ನೆವಾಡಾ
ಆಗಸ್ಟ್ 17, 1984

ವಿಚಾರಣಾಧಿಕಾರಿಗಳಿಗೆ,
ಕೆಲಸದ ಕಾರ್ಡುಗಳ ವಿಭಾಗ, ಕೌಂಟಿ ಕಚೇರಿ, ರೀನೊ

ಮಾನ್ಯರೇ,

ಜೂನ್ 19ರಂದು ಮೈತೆ ಇರಿಗೋಯೆನ್ ಅವರ ವಿಚಾರಣೆಯಲ್ಲಿ ನಾನು ಪ್ರಮಾಣ ಮಾಡಿ ಎರಡು ಉತ್ತರ ಕೊಟ್ಟೆ. ಎರಡೂ ಸುಳ್ಳು.

ನಾನು ಎಲೆ ಎಣಿಸುವವನು ಎಂದು ಅವರಿಗೆ ಮಾರ್ಚ್ 6ರಂದು ಕಾಗದ ಬರೆದು ತಿಳಿಸಿದ್ದೆ. ಅವರು ತೋರಿಸಿದ ಕಾಗದ ಅದೇ. ಅಲ್ಲಿಯವರೆಗೆ ಅವರಿಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ನನ್ನನ್ನು ಅವರ ಮೇಜಿಗೆ ಬರಬೇಡ ಎಂದರು, ಮೇ 19ರಂದು ನಾನು ಬಂದದ್ದು ಅವರ ಇಚ್ಛೆಯಿಂದಲ್ಲ. ಹಳದಿ ಎಲೆಯನ್ನು ಅವರು ನನಗಾಗಿ ಆಳಕ್ಕೆ ಹಾಕಲಿಲ್ಲ. ಕಾರಣವನ್ನು ನೀವೇ ನೆಲದ ಮೇಲೆ ಮಂಡಿಯೂರಿ ನೋಡಿದ್ದೀರಿ. ಪಾಲು ಎಂದು ನಾನು ಅವರಿಗೆ ಏನೂ ಕೊಟ್ಟಿಲ್ಲ. ಒಂದು ಮೊಂಬತ್ತಿಯ ಐವತ್ತು ಸೆಂಟು ಕೊಡುವುದಿತ್ತು, ಅದನ್ನು ಈಗ ಕೊಟ್ಟಿದ್ದೇನೆ.

ನಾನು ಯಾಕೆ ಸುಳ್ಳು ಹೇಳಿದೆ ಎಂದು ನೀವು ಕೇಳಬಹುದು. ಓಣಿಯಲ್ಲಿ ಒಬ್ಬ ಹೆಂಗಸು ಅಳು ತಡೆದುಕೊಂಡದ್ದನ್ನು ನಾನು ಇಸ್ಪೀಟಿನ ಮಾತು ಎಂದು ಓದಿಕೊಂಡೆ. ಇದಕ್ಕಿಂತ ಚೆನ್ನಾಗಿ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಇದನ್ನು ಬರೆಯಬೇಡ ಎಂದು ಅವರು ನನಗೆ ಹೇಳಿದ್ದಾರೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಈ ಸಲ ಈ ಮಾತು ನಿಜ.

ಇಂಥ ಸುಳ್ಳಿಗೆ ಶಿಕ್ಷೆ ಏನೆಂದು ಇಲ್ಲಿನ ಗ್ರಂಥಾಲಯದಲ್ಲಿ ಓದಿಕೊಂಡಿದ್ದೇನೆ. ಭಾನುವಾರ ಮಧ್ಯಾಹ್ನ ನನಗೆ ಇಲ್ಲಿ ಒಂದು ಕೆಲಸವಿದೆ, ಒಂದು ಕುರ್ಚಿ ತುಂಬಬೇಕು. ರಾತ್ರಿಯ ಬಸ್ಸು ಹತ್ತಿ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನಿಮ್ಮ ಓಣಿಯ ಬೆಂಚಿನಲ್ಲಿ ಇರುತ್ತೇನೆ. ನನ್ನನ್ನು ಹುಡುಕಿಸಬೇಕಾಗಿಲ್ಲ.

ಬ್ಲೂ ಪಿನ್ಯನ್‌ನವರು ನಾನು ಕುಡುಕ ಎಂದು ನಿಮಗೆ ಹೇಳಿರಬಹುದು, ಇದನ್ನೂ ಕುಡಿದು ಬರೆದದ್ದು ಎಂದು ನಿಮಗೆ ಅನ್ನಿಸಬಹುದು. ನಾನು ಯಾವತ್ತೂ ಕುಡಿದವನಲ್ಲ.

ಜೋರಿ ಟ್ರೆವೆನಾ